ಹಳಿಗಳಾಚೆಯ ವಿನಿಪೆಗ್

ಕೆನಡಾ ದೇಶದ ನಡುಭಾಗದಲ್ಲಿ, ರೆಡ್ ಮತ್ತು ಅಸಿನಿಬೋಯಿನ್ ನದಿಗಳ ಸಂಗಮಸ್ಥಾನದಲ್ಲಿ ವಿನಿಪೆಗ್ ನಗರವು ನೆಲೆಸಿದೆ. ಕ್ರೀ ಜನಾಂಗದ ನುಡಿಯಲ್ಲಿ ಈ ಹೆಸರಿಗೆ ‘ಕೆಸರು ನೀರು’ ಎಂದರ್ಥ. ಚಳಿಗಾಲದಲ್ಲಿ ನದಿಗಳು ಹೆಪ್ಪುಗಟ್ಟಿದಾಗ ಜನರು ಅವುಗಳ ಮೇಲೆಯೇ ಜಾರುಮೆಟ್ಟು ಕಟ್ಟಿಕೊಂಡು ವಿಹರಿಸುತ್ತಾರೆ. ಪ್ರವಾಸಿಗರಲ್ಲಿ ಬಹುಮಂದಿ ಸಂಗಮದ ಸೊಬಗನ್ನು ಕಂಡು ಹಿಂದಿರುಗುವರು. ಮೇನ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ ನಡೆದವರಿಗಾದರೋ ಮತ್ತೊಂದು ವಿನಿಪೆಗ್ ಎದುರಾಗುತ್ತದೆ. ಕೆನಡಿಯನ್ ಪೆಸಿಫಿಕ್ ರೈಲ್ವೆಯ ವಿಶಾಲವಾದ ಹಳಿಗಳ ಅಂಗಳವು ಊರನ್ನು ಸೀಳಿದೆ. ಅದರಾಚೆಗಿರುವುದೇ ನಾರ್ತ್ ಎಂಡ್.

ಒಂದು ಕಾಲದಲ್ಲಿ ಯುಕ್ರೇನಿನಿಂದಲೂ ಪೋಲೆಂಡಿನಿಂದಲೂ ಬಂದ ಶ್ರಮಿಕರು ಇಲ್ಲಿ ಬಾಳಿದರು. ಅವರು ಉತ್ತಮ ಬಡಾವಣೆಗಳಿಗೆ ತೆರಳಿದಂತೆ, ಮೂಲನಿವಾಸಿ ಕುಟುಂಬಗಳು ಕೆಲಸವನ್ನರಸುತ್ತ ಬಂದು ಆ ಹಳೆಯ ಮರದ ಮನೆಗಳಲ್ಲಿ ನೆಲೆಸಿದವು. ಅವರಲ್ಲಿ ಅನೇಕರು ವಸತಿಶಾಲೆಗಳಲ್ಲಿ ಬೆಳೆದವರು. ಸರ್ಕಾರವೂ ಚರ್ಚುಗಳೂ ಕೂಡಿ ನಡೆಸಿದ ಆ ಶಾಲೆಗಳು ನೂರು ವರ್ಷಗಳಿಗೂ ಹೆಚ್ಚು ಕಾಲ, 1,50,000ಕ್ಕೂ ಮಿಕ್ಕ ಮಕ್ಕಳನ್ನು ಹೆತ್ತವರಿಂದ ಅಗಲಿಸಿದ್ದವು. ತಾಯ್ನುಡಿಯನ್ನಾಡಿದ ಮಗುವಿಗೆ ಅಲ್ಲಿ ದಂಡನೆ ಕಾದಿತ್ತು. ತಂದೆತಾಯಿಯರ ಲಾಲನೆಯನ್ನೇ ಕಾಣದೆ ಬೆಳೆದವರು ತಮ್ಮ ಮಕ್ಕಳನ್ನು ಲಾಲಿಸುವ ಬಗೆಯನ್ನು ಯಾರಿಂದ ಕಲಿಯಬೇಕು?

ಅಂಥ ಶಾಲೆಯಿಂದ ಹೊರಬಂದ ಒಬ್ಬ ತಾಯಿಯ ಮಕ್ಕಳು ರಿಚರ್ಡ್ ವುಲ್ಫ್ ಮತ್ತು ಡ್ಯಾನಿಯಲ್ ವುಲ್ಫ್. 1988ರಲ್ಲಿ, ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ, ಅವರು ಗೆಳೆಯರನ್ನು ಕೂಡಿಕೊಂಡು ‘ಇಂಡಿಯನ್ ಪೋಸ್ಸೆ’ ಎಂಬ ತಂಡವನ್ನು ಕಟ್ಟಿದರು. ಕೆಂಪು ಕರವಸ್ತ್ರವೇ ಅದರ ಲಾಂಛನ. ಕಾರುಗಳ ಕಳವಿನಿಂದ ಮೊದಲಾದ ವೃತ್ತಿಯು ಮಾದಕವಸ್ತುಗಳ ಮಾರಾಟಕ್ಕೇರಿತು. ಹಸಿದ ಹುಡುಗನಿಗೆ ತಂಡವು ಅನ್ನವನ್ನೂ ಅಣ್ಣಂದಿರನ್ನೂ ಕೊಟ್ಟಿತು. ಆದರೆ ಸೇರುವಾಗ ಏಟು, ಬಿಡುವಾಗಲೂ ಏಟು.

ತಂಡವು ಬಲಿತದ್ದು ಬೀದಿಯಲ್ಲಿ ಮಾತ್ರವಲ್ಲ. ವಿನಿಪೆಗ್‌ನ ಉತ್ತರಕ್ಕೆ, ಬಯಲಿನ ನಡುವಣ ದಿಬ್ಬದ ಮೇಲೆ ಸ್ಟೋನಿ ಮೌಂಟನ್ ಬಂದೀಖಾನೆಯಿದೆ. 1885ರ ದಂಗೆಯ ನಂತರ ಕ್ರೀ ನಾಯಕರಾದ ಬಿಗ್ ಬೇರ್ ಮತ್ತು ಪೌಂಡ್‌ಮೇಕರ್ ಸೆರೆಯಲ್ಲಿದ್ದುದು ಇಲ್ಲಿಯೇ. ಶತಮಾನದ ಬಳಿಕ ಅದೇ ಗೋಡೆಗಳೊಳಗೆ ಪೋಸ್ಸೆಯು ಹೊಸಬರನ್ನು ಸೇರಿಸಿಕೊಂಡಿತು. ಅಧಿಕಾರಿಗಳು ಮುಖಂಡರನ್ನು ಬೇರೆ ಪ್ರಾಂತಗಳ ಸೆರೆಮನೆಗಳಿಗೆ ಚದುರಿಸಿದರು. ಬೀಜವು ಬಯಲೆಲ್ಲ ಹರಡಿತು.

ಹರಡಿದಂತೆ ವೈರವೂ ಬೆಳೆಯಿತು. ಮ್ಯಾನಿಟೋಬ ವಾರಿಯರ್ಸ್, ನೇಟಿವ್ ಸಿಂಡಿಕೇಟ್ ಎಂಬ ಎದುರಾಳಿ ತಂಡಗಳಲ್ಲಿದ್ದವರೂ ಮೂಲನಿವಾಸಿ ತರುಣರೇ. 2007ರಲ್ಲಿ ಸಸ್ಕಾಚೆವಾನ್ ಪ್ರಾಂತದ ಫೋರ್ಟ್ ಕ್ವಪೆಲ್ ಊರಿನ ಮನೆಯೊಂದರಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಇಬ್ಬರು ಮಡಿದರು. ಆ ಕೊಲೆಗಳಿಗಾಗಿ 2009ರಲ್ಲಿ ಡ್ಯಾನಿಯಲ್ ಅಪರಾಧಿಯೆಂದು ತೀರ್ಪಾಯಿತು. ಅದಕ್ಕೆ ಮೊದಲು, 2008ರ ಜೂನ್‌ನಲ್ಲಿ ಪ್ರಧಾನಿಯು ವಸತಿಶಾಲೆಗಳಿಗಾಗಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದ್ದರು. ಅದೇ ಆಗಸ್ಟ್‌ನಲ್ಲಿ ಡ್ಯಾನಿಯಲ್ ಇತರ ಐವರೊಡನೆ ರೆಜೈನಾ ಸೆರೆಮನೆಯ ಗೋಡೆ ಕೊರೆದು ಓಡಿಹೋಗಿ, ಕೆಲವೇ ವಾರಗಳಲ್ಲಿ ಸಿಕ್ಕಿಬಿದ್ದಿದ್ದನು. 2010ರ ಜನವರಿಯಲ್ಲಿ ಸಸ್ಕಾಚೆವಾನ್ ಬಂದೀಖಾನೆಯ ಕಾದಾಟವೊಂದರಲ್ಲಿ ಅವನು ಇರಿತಕ್ಕೆ ಬಲಿಯಾದನು. ಅಣ್ಣ ರಿಚರ್ಡನೂ 2016ರಲ್ಲಿ ಅದೇ ಬಂದೀಖಾನೆಯಲ್ಲಿ ಕೊನೆಯುಸಿರೆಳೆದನು. ಮನೆಯಿಲ್ಲದವರಿಗೆ ಮನೆಯಾಗಲು ಹೊರಟ ತಂಡವು ಅದನ್ನು ಕಟ್ಟಿದ ಸೋದರರಿಗೇ ನೆರಳಾಗಲಿಲ್ಲ.

ನಾರ್ತ್ ಎಂಡಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸೆಲ್ಕರ್ಕ್ ಅವೆನ್ಯೂವಿನಲ್ಲಿ ಒಂದು ಗಂಟೆಗೋಪುರವಿದೆ. ಹಿಂಸೆಯಿಂದ ಬೇಸತ್ತ ತರುಣರು 2011ರಿಂದ ಹಲವು ವರ್ಷ ಪ್ರತಿ ಶುಕ್ರವಾರ ಸಂಜೆ ಅಲ್ಲಿ ನೆರೆದು ಗಂಟೆ ಬಾರಿಸಿದರು. 2014ರಲ್ಲಿ, ರೆಡ್ ನದಿಯಲ್ಲಿ ಮೂಲನಿವಾಸಿ ಬಾಲಕಿಯೊಬ್ಬಳ ಶವ ದೊರೆತ ಬಳಿಕ, 1992ರಲ್ಲಿ ಹುಟ್ಟಿ ನಿಂತುಹೋಗಿದ್ದ ‘ಬೇರ್ ಕ್ಲ್ಯಾನ್’ ಎಂಬ ಕಾವಲು ಪಡೆಯು ಮತ್ತೆ ಎದ್ದಿತು. ಆಯುಧವಿಲ್ಲದ ಸ್ವಯಂಸೇವಕರು ಇರುಳಲ್ಲಿ ಬೀದಿಗಳನ್ನು ಸುತ್ತಿ, ಬಿಸಾಡಿದ ಸೂಜಿಗಳನ್ನು ಆಯ್ದು, ಹಸಿದವರಿಗೆ ತಿನಿಸು ಕೊಡತೊಡಗಿದರು.

ಓಜಿಬ್ವೆ ಜನರ ಕುಲವ್ಯವಸ್ಥೆಯಲ್ಲಿ ಕರಡಿ ಕುಲದವರದು ಊರನ್ನು ಕಾಯುವ ಹೊಣೆ. ಬಾಲಕರು ಕೆಂಪು ಕರವಸ್ತ್ರದಲ್ಲಿ ಹುಡುಕಿದ ಬಂಧುತ್ವವು ಅವರ ಅಜ್ಜಂದಿರ ಮಾತಿನಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಅವರ ಕಿವಿಗೆ ಮುಟ್ಟಿಸಬೇಕಾಗಿದ್ದ ನಾಲಿಗೆಗಳನ್ನು ಶಾಲೆಗಳು ಕಟ್ಟಿಹಾಕಿದ್ದವು.