ಚಲಾವಣೆಯಿಲ್ಲದ ಹಣ

ನಾಣ್ಯ ಕೂಡಿಡುವವರನ್ನೂ ಅಂಚೆಚೀಟಿ ಕೂಡಿಡುವವರನ್ನೂ ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಎಂದೂ ಚಲಾವಣೆಗೆ ಬಾರದ ನೋಟನ್ನು ಕೊಟ್ಟು ಕೊಂಡು ತರುವವನನ್ನು ಸಹಿಸುವುದು ಕಷ್ಟ. ನಾನು ಆ ಮೂರನೆಯ ಜಾತಿಗೆ ಸೇರಿದವನು. ನನ್ನ ಹತ್ತಿರ ಮಾರಿಷಸ್ ದ್ವೀಪದ ನಾಲ್ಕು ಮಾದರಿ ನೋಟುಗಳಿವೆ. ಸಹಪಾಠಿಗಳು ನನ್ನನ್ನು 'ರಿಸರ್ವ್ ಬ್ಯಾಂಕು' ಎಂದು ಕರೆಯುತ್ತಾರೆ, ಸಂತೋಷ. ಆದರೆ ಈ ಹುಚ್ಚು ಹಿಡಿದದ್ದು ಹೇಗೆ ಎಂಬುದನ್ನು ಅವರಲ್ಲಿ ಯಾರಿಗೂ ಹೇಳಿರಲಿಲ್ಲ.

ನಮ್ಮದು ಬಿಸಿಲೆಯ ಕಡೆ. ಹೆಸರಿನಲ್ಲಿ ಮಾತ್ರ ಬಿಸಿಲು; ಜೂನ್ ತಿಂಗಳು ಹುಟ್ಟಿತೆಂದರೆ ಸೂರ್ಯನ ಮುಖ ಕಾಣಬೇಕಾದರೆ ಪುಣ್ಯ ಮಾಡಿರಬೇಕು. ಎದುರಿಗೆ ಕುಮಾರಪರ್ವತ, ಕೆಳಗೆ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ. ಅಲ್ಲೊಂದು ದಿಣ್ಣೆಯಿದೆ. ಅದರ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಹೇಮಾವತಿಗೆ ಸೇರಿ ಕಾವೇರಿಯ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಾಲು ಕುಮಾರಧಾರೆಗೆ ಇಳಿದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಚಿಕ್ಕಂದಿನಲ್ಲಿ ನಾನು ಅಲ್ಲಿ ನಿಂತು, ಈ ಹನಿ ಯಾವ ದೇಶದ ದಡಕ್ಕೆ ಬಡಿಯುವುದೋ ಎಂದು ಯೋಚಿಸುತ್ತಿದ್ದೆ.

ನಮ್ಮ ತಂದೆ ಕಾಫಿ ತೋಟದಲ್ಲಿ ಕೂಲಿ ಮಾಡುವವರು. ಅಜ್ಜಿಯೂ ಕೈಕಾಲು ಗಟ್ಟಿ ಇರುವವರೆಗೆ ಅದೇ ತೋಟದಲ್ಲಿ ಏಲಕ್ಕಿ ಬಿಡಿಸಿದವಳು. ಅಟ್ಟದ ಮೇಲೆ, ಒಡೆದ ಮೊರದ ಹಿಂದೆ, ಅವಳದೊಂದು ತಗಡಿನ ಡಬ್ಬವಿತ್ತು. ಒಂದು ದಿನ ಅದನ್ನು ತೆರೆದು ತೋರಿಸಿದಳು: ಏಲಕ್ಕಿ ಸಿಪ್ಪೆಯ ಕೆಳಗೆ ಐನೂರರ ನೋಟುಗಳು. "ನಿನ್ನ ಓದಿಗೆ ಕಣ್ಲಾ. ನಿಮ್ಮಪ್ಪನ ಕಿವಿಗೆ ಬಿದ್ರೆ ಸಾಲಕ್ಕೆ ಹೋಯ್ತದೆ. ಯಾರ್ಗೂ ಹೇಳ್ಬೇಡ" ಎಂದಳು. ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಆಗ ನಾನು ಮಿಡ್ಲ್ ಸ್ಕೂಲಿನ ಹುಡುಗ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದುವು. ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರ ವರೆಗೆ ಗಡುವು. ಇದನ್ನು ಶಾಲೆಯಲ್ಲಿ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು. ನಾನು ಓಡಿಬಂದು ಅಜ್ಜಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು. "ಗಾಂಧಿ ಇರೋ ನೋಟು ಕೆಡ್ತದೇನ್ಲಾ? ಉಪ್ಪಿನಕಾಯಾ ಅದು?" ತಂದೆಯವರು ಎರಡು ಸಲ ಕೇಳಿದರು: "ಅವ್ವಾ, ನಿನ್ತಾವ ಏನಾದ್ರೂ ಅದೆಯಾ?" ಎರಡು ಸಲವೂ ಅವಳು "ನನ್ತಾವ ಎಲ್ಲದೆ?" ಎಂದಳು. ನಾನು ಒಲೆಯ ಮುಂದೆ ಕುಳಿತು ಗಣಿತದ ಲೆಕ್ಕ ಮಾಡುತ್ತಿದ್ದೆ, ತಲೆಯೆತ್ತಲಿಲ್ಲ. ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಸಕಲೇಶಪುರ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೆ ಆಣೆಯಿತ್ತು, ಅಲ್ಲದೆ ಆ ಹಣ ಸಾಲಗಾರನ ಪಾಲಾಗುವುದೆಂಬ ಭಯ ನನಗೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು. ಡಿಸೆಂಬರ್ 30 ಬಂತು, ಹೋಯಿತು.

2018ರ ಆಗಸ್ಟಿನಲ್ಲಿ ಕೊಡಗಿನಲ್ಲೂ ನಮ್ಮ ಘಾಟಿಗಳಲ್ಲೂ ಗುಡ್ಡ ಕುಸಿದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಡಬ್ಬವನ್ನು ಇಳಿಸಿ ಎಣಿಸಿದೆ. ಹನ್ನೊಂದು ನೋಟು, 5,500 ರೂಪಾಯಿ. ಇಲ್ಲಿ ಒಂದು ತಮಾಷೆಯಿದೆ. ರದ್ದಾದ ನೋಟುಗಳ ಬಗ್ಗೆ 2017ರಲ್ಲಿ ಒಂದು ಕಾಯಿದೆ ಬಂದಿದೆ. ಯಾರೂ ಹತ್ತಕ್ಕಿಂತ ಹೆಚ್ಚು ಹಳೆಯ ನೋಟು ಇಟ್ಟುಕೊಳ್ಳಕೂಡದು. ಮೀರಿದರೆ ದಂಡ. ಆದರೆ ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರಕ್ಕಾಗಿಯಾದರೆ ಇಪ್ಪತ್ತೈದರ ತನಕ ಇಟ್ಟುಕೊಳ್ಳಬಹುದು. ಬಹಳ ತಡವಾಗಿ ಇದನ್ನು ಓದಿದಾಗ ನನ್ನ ಎದೆ ಹಾರಿತು. ಹತ್ತು ನೋಟಿಗೆ ನಾನು ಸಾಮಾನ್ಯ ಪ್ರಜೆ. ಹನ್ನೊಂದನೆಯ ನೋಟಿಗೆ ನಾಣ್ಯಶಾಸ್ತ್ರದ ವಿದ್ಯಾರ್ಥಿಯಾಗಲೇಬೇಕು! ಒಂದನ್ನು ಒಲೆಗೆ ಹಾಕಿದ್ದರೆ ಸಾಕಾಗಿತ್ತು. ಕೈ ಬರಲಿಲ್ಲ.

ಆದ್ದರಿಂದ ನಾಣ್ಯಶಾಸ್ತ್ರ ಓದತೊಡಗಿದೆ. ಇದನ್ನು ಕೇಳಿದ ತೋಟದ ನಿವೃತ್ತ ರೈಟರೊಬ್ಬರು, "ಹಾಗಾದರೆ ಇದೂ ನಿನ್ನ ಹತ್ತಿರವೇ ಇರಲಿ" ಎಂದು ಒಂದು ನೋಟು ಕೊಟ್ಟರು. ಮಾರಿಷಸ್ಸಿನ 25 ರೂಪಾಯಿ. ಮುಂದೆ ಎಲಿಜಬೆತ್ ರಾಣಿ, ಹಿಂದೆ ಎತ್ತಿನ ಗಾಡಿ, ಅಡ್ಡಲಾಗಿ 'ಸ್ಪೆಸಿಮನ್' ಎಂಬ ಮುದ್ರೆ. ಆಫ್ರಿಕದ ಪಕ್ಕದ ದ್ವೀಪದಲ್ಲಿ ರೂಪಾಯಿ! ನಮ್ಮ ಸಂತೆಯ ಮಾತು ಅಷ್ಟು ದೂರ ಹೋದದ್ದು ಹೇಗೆ?

ಹೋದವರು ಕೂಲಿಗಳು. 1834ರಿಂದ 1920ರ ತನಕ ಹೆಚ್ಚುಕಡಿಮೆ 5 ಲಕ್ಷ ಮಂದಿ ಭಾರತದಿಂದ ಕರಾರಿನ ಕೂಲಿಗಳಾಗಿ ಆ ದ್ವೀಪದ ಪೋರ್ಟ್ ಲೂಯಿ ಬಂದರಿನಲ್ಲಿ ಇಳಿದರು, ಕಬ್ಬಿನ ತೋಟಗಳಿಗೆ. ಅವರ ಹಿಂದೆಯೇ ರೂಪಾಯಿ ಹೋಯಿತು. 1870ರ ದಶಕದಲ್ಲಿ ಅದೇ ಅಲ್ಲಿನ ಅಧಿಕೃತ ಹಣವಾಯಿತು. ಮಾರಿಷಸ್ ಬ್ಯಾಂಕು 1967ರಲ್ಲಿ ಸ್ಥಾಪನೆಯಾಗಿ 5, 10, 25, 50ರ ನೋಟುಗಳನ್ನು ತಂದಿತು. ದೇಶ ಸ್ವತಂತ್ರವಾದದ್ದು 1968ರ ಮಾರ್ಚ್ 12ರಂದು. ಹೊಸ ಸ್ವತಂತ್ರ ದೇಶ, ನೋಟಿನ ಮೇಲೆ ಹಳೆಯ ರಾಣಿ! 1992ರಲ್ಲಿ ಗಣರಾಜ್ಯವಾಗುವ ತನಕ ಆಕೆಯೇ ಅಲ್ಲಿಯ ರಾಣಿ.

ಮಾದರಿ ನೋಟು ಎಂದರೇನೆಂದು ಹಲವರು ಕೇಳುತ್ತಾರೆ. ಹೊಸ ನೋಟು ಹೊರಡುವ ಮೊದಲು ಇದು ಅಸಲು ಎಂದು ಗುರುತು ಹಿಡಿಯಲು ಬೇರೆ ಬ್ಯಾಂಕುಗಳಿಗೆ ಕಳಿಸುವ ಪ್ರತಿ ಅದು. ಅದರ ಸಂಖ್ಯೆಯ ಜಾಗದಲ್ಲಿ ಸಾಮಾನ್ಯವಾಗಿ ಸೊನ್ನೆಗಳೇ. ಕೆಲವಕ್ಕೆ ತೂತು ಹೊಡೆದಿರುವುದೂ ಉಂಟು. 1970ರ ದಶಕದ ಕೊನೆಗೆ ಅಮೆರಿಕದ ಫ್ರಾಂಕ್ಲಿನ್ ಮಿಂಟ್ ಎಂಬ ಸಂಸ್ಥೆ ಹಲವು ದೇಶಗಳ ಇಂಥ ನೋಟುಗಳನ್ನು ಸಂಗ್ರಾಹಕರಿಗೆಂದೇ ಮಾರಿತು. ಅವುಗಳ ಸಂಖ್ಯೆಯ ಮುಂದೆ ಒಂದು ಶಿಲುಬೆಯ ಗುರುತಿರುತ್ತದೆ. ನನ್ನದಕ್ಕೂ ಇದೆ. ಎಂದರೆ ಅದು ಯಾವ ಬ್ಯಾಂಕಿನ ಕಿಟಕಿಯನ್ನೂ ಕಂಡದ್ದಲ್ಲ. ಉಳಿದ ಮೂರನ್ನು ಕಾಫಿ ಕುಯ್ಲಿನ ರಜೆಯ ಕೂಲಿಯಲ್ಲಿ ತರಿಸಿಕೊಂಡೆ. ಅಮ್ಮ ಕೇಳಿದಳು: "ಇದಕ್ಕೆ ಅಂಗಡೀಲಿ ಏನ್ ಕೊಡ್ತಾರೆ?" "ಏನೂ ಇಲ್ಲ." "ಮತ್ತೆ ನೀನ್ಯಾಕೆ ದುಡ್ಡು ಕೊಟ್ಟೆ?" ಅರ್ಥಶಾಸ್ತ್ರದ ಅಧ್ಯಾಪಕರನ್ನು ವಿಚಾರಿಸಿದೆ. ಅವರೂ ನಿಮ್ಮ ತಾಯಿಯ ಪ್ರಶ್ನೆ ನ್ಯಾಯವಾದದ್ದೆಂದರು.

ಕಾಗದದ ತುಂಡಿಗಾಗಿ ಆ ದ್ವೀಪದಲ್ಲಿ ಜಗಳವೂ ನಡೆದಿದೆ. ಅಲ್ಲಿಯ ನೋಟಿನ ಮೇಲೆ ಬೆಲೆಯನ್ನು ತಮಿಳಿನಲ್ಲೂ ನಾಗರಿಯಲ್ಲೂ ಬರೆಯುವ ವಾಡಿಕೆ. 1998ರ ಹೊಸ ನೋಟುಗಳಲ್ಲಿ ತಮಿಳು ಒಂದು ಸಾಲು ಕೆಳಗೆ ಸರಿಯಿತು. ತಮಿಳರು ಬೀದಿಗಿಳಿದರು, ನೋಟುಗಳನ್ನು ಹಿಂದಕ್ಕೆ ಪಡೆದು ಬೇರೆ ಅಚ್ಚು ಹಾಕಿಸಬೇಕಾಯಿತು. ಅದನ್ನು ಓದಿದ ಮೇಲೆ ಅಜ್ಜಿಯ ನೋಟಿನ ಹಿಂದೆ ಕನ್ನಡವನ್ನು ಹುಡುಕಿದೆ. ಹದಿನೈದು ಭಾಷೆಗಳ ಸಾಲಿನಲ್ಲಿ ನಾಲ್ಕನೆಯದು. ಏಲಕ್ಕಿಯ ಎಣ್ಣೆ ಅಲ್ಲಿಗೇ ತಾಗಿ ಕಲೆಯಾಗಿತ್ತು.

ಈಗ ನನ್ನ ಆಲ್ಬಮ್ಮಿನ ಮೊದಲ ಪುಟಗಳಲ್ಲಿ ಮಾರಿಷಸ್, ಕೊನೆಯ ಪುಟಗಳಲ್ಲಿ ಅಜ್ಜಿ. ಎರಡೂ ಅಂಗಡಿಗೆ ಬೇಡ. ಒಂದು ಹುಟ್ಟುವಾಗಲೇ ಹಣವಲ್ಲದ್ದು; ಇನ್ನೊಂದು ದುಡಿದು ದುಡಿದು ಹಣವಾಗಿ, ಡಬ್ಬದಲ್ಲಿ ಸತ್ತದ್ದು. ಮಾದರಿ ನೋಟು ಎಷ್ಟು ಗರಿಗರಿ! ಅಜ್ಜಿಯದು ಮಡಿಕೆಯಲ್ಲಿ ಹರಿದಿದೆ.

ಕಳೆದ ಶಿವರಾತ್ರಿಯ ದಿನ ತಂದೆಯವರು ಆಲ್ಬಮ್ಮನ್ನು ಕೈಗೆ ತೆಗೆದುಕೊಂಡರು. ರಾಣಿಯನ್ನೂ ಎತ್ತಿನ ಗಾಡಿಯನ್ನೂ ನೋಡಿದರು. ಕೊನೆಯ ಪುಟಗಳಿಗೆ ಬಂದು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ: ಆಣೆ, ಒಲೆಯ ಮುಂದಿನ ಲೆಕ್ಕ, ಎಲ್ಲವನ್ನೂ. ಅವರು ಬಹಳ ಹೊತ್ತು ಮಾತಾಡಲಿಲ್ಲ.

"ಮೊರದ ಹಿಂದಿನ ಡಬ್ಬ ತಾನೆ?" ಎಂದರು. "ನಂಗೆ ಗೊತ್ತಿತ್ತು. ಅವ್ವ ತಾನಾಗೇ ಕೊಡ್ಲಿ ಅಂತ ಸುಮ್ನಿದ್ದೆ."

ಆಮೇಲೆ ಆಲ್ಬಮ್ಮನ್ನು ಮುಚ್ಚಿ, ಮೋಡ ಕಟ್ಟಿದೆ, ಕಣದಲ್ಲಿರುವ ಮೆಣಸನ್ನು ಒಳಗೆ ತರಬೇಕೆಂದು ಎದ್ದರು. ನಾನು ಗೋಣಿಚೀಲ ಹಿಡಿದು ಹಿಂದೆ ಹೋದೆ.