ಕೆರೆಯ ತಳಕ್ಕೆ ಇಳಿದದ್ದು

ನನ್ನ ಚಿಕ್ಕಪ್ಪನ ಮಗ ನಮ್ಮೂರ ಕೆರೆಯಲ್ಲಿ ಮುಳುಗಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವನು ಒಬ್ಬನೇ ಈಜಲು ಹೋಗಿದ್ದ. ಅಂದಿನಿಂದ ಅಮ್ಮ ನನ್ನನ್ನು ಕೆರೆ ಏರಿಯ ಮೇಲೂ ಒಂಟಿಯಾಗಿ ನಡೆಯಲು ಬಿಡಲಿಲ್ಲ. ಅಂಥ ನಾನು ಕೆನಡಾದಲ್ಲಿ ಓದುತ್ತಿದ್ದಾಗ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಂದು ಸರೋವರದ ತಳಕ್ಕೆ ಇಳಿದೆ. ಅಮ್ಮನಿಗೆ ತಿಳಿಸಿದ್ದು ಮೇಲೆ ಬಂದ ನಂತರವೇ.

ಅದು ಬ್ರಿಟಿಷ್ ಕೊಲಂಬಿಯಾದ ಪೆವಿಲಿಯನ್ ಸರೋವರ. ಅದರ ತಳದಲ್ಲಿ ಹೂಕೋಸಿನಂತೆ ಕಾಣುವ ಕಲ್ಲುಗಳಿವೆ. ಕಲ್ಲು ಎಂದರೂ ಅವು ಕಣ್ಣಿಗೆ ಕಾಣದ ಜೀವಿಗಳ ನೆರವಿನಿಂದ ನೀರಿನ ಸುಣ್ಣಾಂಶ ಪದರಪದರವಾಗಿ ಕೂತು ಬೆಳೆದವು. ಅವುಗಳ ವಯಸ್ಸು ಸುಮಾರು 11 ಸಾವಿರ ವರ್ಷದವರೆಗೆ ಹೋಗುತ್ತದೆ. 2000ದಲ್ಲಿ 'ನೇಚರ್' ಪತ್ರಿಕೆ ಇವುಗಳ ಬಗ್ಗೆ ಪ್ರಬಂಧ ಪ್ರಕಟಿಸಿತು. ಭೂಮಿಯ ಅತಿ ಹಳೆಯ ಜೀವಕುರುಹುಗಳನ್ನು ಅರಿಯಲು ಇವು ನೆರವಾಗಬಹುದೆಂದು ನಾಸಾದ ವಿಜ್ಞಾನಿಗಳೂ ಇಲ್ಲಿಗೆ ಬಂದರು.

ದೋಣಿಯಿಂದಲೇ ಯಂತ್ರ ಇಳಿಸಿ ಕಲ್ಲು ಕಿತ್ತು ತರಬಾರದೇ ಎಂದು ನಾನೂ ಕೇಳಿದ್ದೆ. ತರಬಹುದು. ಆದರೆ ಯಾವ ಮಗ್ಗುಲಿಗೆ ಬೆಳಕು ಬೀಳುತ್ತಿತ್ತು, ಪಕ್ಕದಲ್ಲಿ ಏನಿತ್ತು ಎಂಬುದು ತಿಳಿಯುವುದಿಲ್ಲ. ಮುಳುಗುಗಾರ ನೋಡುತ್ತಾನೆ, ಅಳೆಯುತ್ತಾನೆ, ಬೇಕಾದಷ್ಟನ್ನೇ ತೆಗೆಯುತ್ತಾನೆ.

ಸಿಹಿನೀರಿಗೆ ತನ್ನದೇ ಹಟವಿದೆ. ಸಮುದ್ರದ ನೀರಿಗಿಂತ ಅದು ಹಗುರ, ಹಾಗಾಗಿ ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನು ಕಡಿಮೆ ಮಾಡಬೇಕು. ಈ ಸರೋವರವಿರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಸಮುದ್ರಮಟ್ಟದ ಲೆಕ್ಕ ನಂಬಿ ಮೇಲೆದ್ದರೆ ರಕ್ತದಲ್ಲಿ ಕರಗಿರುವ ಸಾರಜನಕ ಗುಳ್ಳೆಗಟ್ಟಬಹುದು. ತಳದ ಹೂಳಂತೂ ಕಾಲು ತಗುಲಿದರೆ ಸಾಕು, ಮೇಲೆದ್ದು ಕಣ್ಣು ಕಟ್ಟುತ್ತದೆ.

ನನ್ನ ಕಾಲು ತಗುಲಿದ್ದು ಹೂಳಿಗಲ್ಲ, ಕಲ್ಲಿಗೆ. ಹೆಬ್ಬೆರಳಿನಷ್ಟು ಚೂರು ಮುರಿದು ಬಿತ್ತು. ಎಷ್ಟು ಶತಮಾನಗಳ ಬೆಳವಣಿಗೆಯೋ ಏನೋ! ಜೊತೆಗಿದ್ದ ಹಿರಿಯ ಸಂಶೋಧಕಿ ಅದನ್ನು ಚೀಲಕ್ಕೆ ಹಾಕಿ, ಫಲಕದ ಮೇಲೆ ಆಳ ಬರೆದುಕೊಂಡರು. ದಡಕ್ಕೆ ಬಂದಮೇಲೂ ಬೈಯಲಿಲ್ಲ. ದಾಖಲೆಯ ಪುಸ್ತಕವನ್ನು ನನ್ನ ಮುಂದಿಟ್ಟರು, ಅಷ್ಟೇ. 'ಮುರಿದ ಕಾರಣ' ಎಂಬಲ್ಲಿ ನಾನೇ ಬರೆದೆ: ನನ್ನ ಕಾಲು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ರಾತ್ರಿ ಫೋನ್ ಮಾಡಿದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ.

"ತಳದಲ್ಲಿ ಏನಿತ್ತೋ?" ಎಂದು ಕೊನೆಗೆ ಕೇಳಿದರು.

ಹೇಳಿದೆ.

"ಮತ್ತೆ ಇಳೀತೀಯಾ?"

"ನಾಡಿದ್ದು. ಒಬ್ಬರೇ ಇಳಿಯೋ ಹಾಗಿಲ್ಲಮ್ಮ ಇಲ್ಲಿ, ಜೋಡಿ ಇರಲೇಬೇಕು."

"ಆ ಹೆಂಗಸೇ ಬರ್ತಾರಾ?"

"ಹೂಂ."

"ಅವರ ಕಣ್ಣಳತೆ ಬಿಟ್ಟು ಹೋಗಬೇಡ," ಎಂದು ಫೋನ್ ಇಟ್ಟರು.