ಮಿಸಿಸಾಗಾದಿಂದ ಸಾಗರಕ್ಕೆ

2023 ಮಾರ್ಚ್ 5, ಭಾನುವಾರ

ಹೊರಗೆ ಹಿಮ, ಒಳಗೆ ಐಎಂಎಂ 5532. ಗಂಡನನ್ನು ಕೆನಡಾಕ್ಕೆ ಕರೆಸಿಕೊಳ್ಳಲು ತುಂಬಬೇಕಾದ ಫಾರಂಗಳಲ್ಲಿ ಇದರಷ್ಟು ಅಧಿಕಪ್ರಸಂಗಿ ಇನ್ನೊಂದಿಲ್ಲ. ಇಬ್ಬರೂ ಮೊದಲು ಎಲ್ಲಿ, ಹೇಗೆ ಭೇಟಿಯಾದಿರಿ? ಪರಿಚಯ ಮಾಡಿಸಿದವರು ಯಾರು? ಸಂಬಂಧ ಹೇಗೆ ಬೆಳೆಯಿತು? ಹತ್ತಿರದವರಲ್ಲಿ ಮದುವೆಗೆ ಬರದಿದ್ದವರು ಯಾರು, ಯಾಕೆ? ಈ ಕಡೆಯದಕ್ಕೆ ಉತ್ತರ ಕೊಡಲು ಹೊರಟರೆ ದೊಡ್ಡಪ್ಪನ ಜಮೀನು ವ್ಯಾಜ್ಯವನ್ನು ಬುಡದಿಂದ ಹೇಳಬೇಕು.

ಸಂಬಂಧ ಬೆಳೆದದ್ದು ಹೇಗೆ? ಮೊದಲು ಜಾತಕ ಬಂತು, ಆಮೇಲೆ ಫೋಟೋ, ಆಮೇಲೆ ಅಮ್ಮನ ಸೋದರಮಾವನ ಶಿಫಾರಸು, ಕಡೆಗೆ ಹುಡುಗ. ಹಾಗೆಯೇ ಬರೆದೆ. ಹಿರಿಯರು ನೋಡಿ ಮಾಡಿದ ಮದುವೆ ಅಂದಮಾತ್ರಕ್ಕೆ ಅರ್ಜಿ ತಳ್ಳಿಹಾಕುವುದಿಲ್ಲ. ಮುಖ್ಯವಾಗಿ ವಲಸೆಗೋಸ್ಕರವೇ ಆದ ಮದುವೆ ಇದು, ಅಥವಾ ನಿಜವಾದ ದಾಂಪತ್ಯವೇ ಅಲ್ಲ ಎಂದು ಅಧಿಕಾರಿಗೆ ಅನ್ನಿಸಬಾರದು ಅಷ್ಟೆ. ಎರಡರಲ್ಲಿ ಒಂದು ಅನ್ನಿಸಿದರೂ ಕಥೆ ಮುಗಿಯಿತು.

ಫೋಟೋ 20 ಮೀರಬಾರದಂತೆ. ಆಲ್ಬಂ ಪೂರ್ತಿ ಜಾಲಾಡಿದೆ. ಎಲ್ಲದರಲ್ಲೂ ನಾವಿಬ್ಬರೂ ಫೋಟೋಗ್ರಾಫರನನ್ನೇ ನೋಡುತ್ತಿದ್ದೇವೆ, ಪಕ್ಕದಲ್ಲಿ ಮುಯ್ಯಿಯ ಕವರು ಹಿಡಿದ ಯಾರೋ ಒಬ್ಬರು. ಚಾಟ್‌ಗೆ 10 ಪುಟದ ಮಿತಿ. ನಮ್ಮದರಲ್ಲಿ "ಊಟ ಆಯ್ತಾ?", "ಆಯ್ತು, ನಿಂದು?" ಬಿಟ್ಟರೆ ಅಡಿಕೆ ರೇಟು. ಹಾಗೇ ಕಳಿಸುತ್ತೇನೆ. ಸುಳ್ಳು ಮದುವೆಯಾದವರು ಇಷ್ಟು ಸಪ್ಪೆಯಾಗಿ ಮಾತಾಡಲಾರರು.

ಮಾರ್ಚ್ 26, ಭಾನುವಾರ

ಇವತ್ತು ಫಾರಂ 1344ಕ್ಕೆ, ಅಂದರೆ ಸ್ಪಾನ್ಸರ್‌ಶಿಪ್ ಮುಚ್ಚಳಿಕೆಗೆ, ಸಹಿ ಹಾಕಿದೆ. ಗಂಡ ಇಲ್ಲಿ ಪರ್ಮನೆಂಟ್ ರೆಸಿಡೆಂಟ್ ಆದ ದಿನದಿಂದ ಮೂರು ವರ್ಷ ಅವನ ಊಟ, ಬಟ್ಟೆ, ಮನೆ, ಹಲ್ಲು-ಕಣ್ಣಿನ ಚಿಕಿತ್ಸೆ ಎಲ್ಲದಕ್ಕೂ ನಾನು ಹೊಣೆ. ಅವನು ಸರ್ಕಾರದಿಂದ ಸಹಾಯಧನ ಪಡೆದರೆ ಆ ದುಡ್ಡನ್ನು ನಾನು ಕಟ್ಟಿಕೊಡಬೇಕು. ನನ್ನ ಕೆಲಸ ಹೋದರೂ, ನಾವು ಜಗಳವಾಡಿ ಬೇರೆಯಾದರೂ, ಡೈವೋರ್ಸೇ ಆದರೂ ಕೊಟ್ಟ ಮಾತು ರದ್ದಾಗುವುದಿಲ್ಲ.

ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅಲ್ಲ ಮಗಳೇ, ಹುಡುಗಿ ಕೊಟ್ಟ ನಾವೇ ಅವನ ಹತ್ರ ಹೀಗೆ ಬರೆಸಿಕೊಳ್ಳಲಿಲ್ಲ, ನೀನ್ಯಾಕೆ ಬರೆದುಕೊಡ್ತೀಯ?" ಅಂದರು. ಧಾರೆಯ ಹೊತ್ತಿನಲ್ಲಿ ಪುರೋಹಿತರು ನಾತಿಚರಾಮಿ ಹೇಳಿಸಿದ್ದು ಅವನ ಬಾಯಲ್ಲಿ. ನಾನು ತಲೆ ತಗ್ಗಿಸಿ ಕೂತಿದ್ದೆ. ಅವನ ಮಾತಿಗೆ ಅವಧಿಯಿಲ್ಲ, ತಪ್ಪಿದರೆ ವಸೂಲಿಯೂ ಇಲ್ಲ. ನನ್ನದಕ್ಕೆ ಎರಡೂ ಇವೆ. ನನಗೇನೋ ಈ ಒಣ ಕಾಗದದ ಮೇಲೇ ಹೆಚ್ಚು ನಂಬಿಕೆ ಬಂತು. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಆಫೀಸಿನಲ್ಲಿ ಲುಧಿಯಾನದ ಒಬ್ಬಾಕೆ ಇದ್ದಾಳೆ. ಅವಳು ಗಂಡನ ಸ್ಪಾನ್ಸರ್‌ಶಿಪ್ ಮೇಲೆ ಬಂದ ಕಾಲದಲ್ಲಿ, 2012ರಿಂದ 2017ರ ವರೆಗೆ, ಹೊಸ ದಂಪತಿಗಳು ಎರಡು ವರ್ಷ ಜೊತೆಗೆ ಬಾಳಬೇಕೆಂಬ ಷರತ್ತು ಇತ್ತು. ಬಿಟ್ಟು ಹೋದರೆ ರೆಸಿಡೆನ್ಸಿಯೇ ಹೋಗುವ ಭಯ. ಹೊಡೆತ ತಿನ್ನುವವರಿಗೆ ವಿನಾಯಿತಿ ಕಾಗದದಲ್ಲಿತ್ತು. ಅದನ್ನು ಕೇಳಲು ಬಾಯಿ ಬರಬೇಕಲ್ಲ. 2017ರ ಏಪ್ರಿಲ್‌ನಲ್ಲಿ ಆ ಷರತ್ತು ತೆಗೆದರು. "ನೀನು ಸಹಿ ಹಾಕುವ ಕಡೆ ಇದ್ದೀಯ, ಪುಣ್ಯವಂತೆ" ಅಂದಳು.

ಏಪ್ರಿಲ್ 2, ಭಾನುವಾರ

ವಿಡಿಯೋ ಕಾಲ್‌ನಲ್ಲಿ ಅವನ ಫಾರಂಗಳು. ಪಾಸ್‌ಪೋರ್ಟಿನಲ್ಲಿ ಅವನಿಗೆ ಸರ್‌ನೇಮ್ ಇಲ್ಲ, ಆ ಕಲಂ ಖಾಲಿ. ನಾನು ನನ್ನ ಹೆಸರು ಬದಲಾಯಿಸಿಲ್ಲ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕೊಟ್ಟ ಮದುವೆ ಸರ್ಟಿಫಿಕೇಟ್ ಒಂದೇ ನಮ್ಮಿಬ್ಬರನ್ನು ಒಂದೇ ಹಾಳೆಗೆ ತಂದ ಕಾಗದ. ನಾನು ವಿಮಾನ ಹತ್ತುವ ಮೊದಲೇ ಮದುವೆ ನೋಂದಣಿ ಮುಗಿಸಿದ್ದು ಒಳ್ಳೆಯದಾಯಿತು.

ಇನ್ನೊಂದು ಫಾರಂ ಇದೆ, ಕುಟುಂಬದ ವಿವರ. ಅಪ್ಪ, ಅಮ್ಮ, ಒಡಹುಟ್ಟಿದವರು. ಅಪ್ಪನ ಮುಂದೆ 'ತೀರಿಕೊಂಡಿದ್ದಾರೆ' ಎಂದು ಬರೆಸಿದ. ಅಮ್ಮನ ಹೆಸರು, ಹುಟ್ಟಿದ ತಾರೀಖು, ಕಸುಬು: ಕೃಷಿ. ಕೊನೆಯ ಕಲಂ: ನಿಮ್ಮ ಜೊತೆ ಕೆನಡಾಕ್ಕೆ ಬರುತ್ತಾರಾ? 'ಇಲ್ಲ' ಅಂತ ಗುರುತು ಹಾಕಬೇಕು. ಹಿಂದೆ ಅಡುಗೆಮನೆಯಲ್ಲಿ ಅತ್ತೆ ದೋಸೆ ಹುಯ್ಯುವ ಸದ್ದು ಕೇಳುತ್ತಿತ್ತು. "ಹಾಕು ಮಾರಾಯ್ತಿ, ಏನು ನೋಡ್ತಾ ಕೂತೆ?" ಅಂದ.

ಫೀಸು 1,080 ಡಾಲರ್, ಬೆರಳಚ್ಚಿಗೆ 85. ಎಪ್ಪತ್ತು ಸಾವಿರ ರೂಪಾಯಿ ಹತ್ತಿರ. ಕಟ್ಟಿದೆ.

ಜೂನ್ 11, ಭಾನುವಾರ

ಸಾಗರದಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬೆರಳಚ್ಚು, ಮೆಡಿಕಲ್ ಎರಡೂ ಮುಗಿಸಿ ಬಂದ. ಪೊಲೀಸ್ ಕ್ಲಿಯರೆನ್ಸಿಗೆ ಮನೆಗೆ ಬಂದಿದ್ದ ಪೇದೆ ಕಾಫಿ ಕುಡಿದು, ಜಗಲಿಯಿಂದ ತೋಟದ ಕಡೆ ನೋಡಿ, "ಮಾರೋದಾದ್ರೆ ಹೇಳಿ, ನಮ್ಮ ಭಾವ ಒಬ್ರು ಹುಡುಕ್ತಿದಾರೆ" ಅಂದರಂತೆ. ಅತ್ತೆ ಎರಡು ದಿನ ನನ್ನ ಫೋನಿಗೆ ಬರಲಿಲ್ಲ.

ಕಳೆದ ತಿಂಗಳು 26ಕ್ಕೆ ಹೊಸ ಪ್ರಕಟಣೆ: ಅರ್ಜಿ ಹಾಕಿರುವ ಗಂಡ-ಹೆಂಡತಿಗೆ ಸಂದರ್ಶಕ ವೀಸಾ ಬೇಗ ಕೊಡುತ್ತಾರಂತೆ, 30 ದಿನದ ಗುರಿ. ನೆಂಟರೆಲ್ಲ ಫಾರ್ವರ್ಡ್ ಮಾಡಿದರು. ಮಳೆಗಾಲ ಎದುರಿಗಿಟ್ಟುಕೊಂಡು ಅವನು ಬರುವ ಮಾತಿಲ್ಲ. ನಾನೇ ಹೋಗಿ ಅಲ್ಲಿ ಇರೋಣ ಅಂದರೆ ಅದೂ ಆಗದು. ಇಲ್ಲಿನ ಪೌರರಾದರೆ ಹೊರದೇಶದಲ್ಲಿದ್ದುಕೊಂಡೂ ಸ್ಪಾನ್ಸರ್ ಮಾಡಬಹುದು, ಮುಂದೆ ಇಲ್ಲೇ ನೆಲೆಸುತ್ತೇವೆಂದು ತೋರಿಸಿದರೆ ಸಾಕು. ನನ್ನಂಥ ಪರ್ಮನೆಂಟ್ ರೆಸಿಡೆಂಟ್ ಕೆನಡಾದಲ್ಲೇ ವಾಸವಿರಬೇಕು. ನಾಲ್ಕು ದಿನ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ, ಸಂಸಾರ ಹೂಡುವಂತಿಲ್ಲ. ನಾವು ಜೊತೆಗಿರುವವರೆಂದು ರುಜುವಾತು ಮಾಡುವುದಕ್ಕಾಗಿಯೇ ದೂರ ಇರಬೇಕು. ಇದನ್ನು ಬರೆದ ಪುಣ್ಯಾತ್ಮರಿಗೆ ನಗು ಬರಲಿಲ್ಲವೇ?

ಅಕ್ಟೋಬರ್ 20, ಶುಕ್ರವಾರ

ಎರಡೂ ದೇಶಗಳ ಜಗಳ ನಮ್ಮ ಅಡುಗೆಮನೆಗೂ ಬಂತು. ಕೆನಡಾ ತನ್ನ 41 ರಾಜತಾಂತ್ರಿಕರನ್ನು ಭಾರತದಿಂದ ವಾಪಸ್ ಕರೆಸಿಕೊಂಡಿದೆ. ಬೆಂಗಳೂರು, ಮುಂಬೈ, ಚಂಡೀಗಢದ ಕಾನ್ಸುಲೇಟುಗಳಲ್ಲಿ ಮುಖಾಮುಖಿ ಸೇವೆ ನಿಂತಿದೆ. ವಲಸೆ ಇಲಾಖೆಯ ಕೆನಡಾ ಸಿಬ್ಬಂದಿ ಅಲ್ಲಿ 27 ಮಂದಿ ಇದ್ದದ್ದು ಇನ್ನು 5. ಹೆಚ್ಚಿನ ಕಡತಗಳನ್ನು ಬೇರೆ ಕಡೆಯ ಕಚೇರಿಗಳಲ್ಲೇ ನೋಡುತ್ತಾರೆ ಎಂದು ಸಮಾಧಾನ ಹೇಳಿದ್ದಾರೆ. ಅವನಿಗೆ ಹೇಳಿದೆ. "ಸರಿ, ಅಡಿಕೆ ಕೊನೆ ಕೊಯ್ಲು ಮುಗಿಸಿಕೊಳ್ಳಬಹುದು" ಅಂದ. ಆ ದನಿಯಲ್ಲಿ ಇದ್ದದ್ದು ಬೇಸರವಲ್ಲ, ಖಂಡಿತ ಅಲ್ಲ.

ಡಿಸೆಂಬರ್ 17, ಭಾನುವಾರ

ಕೊನೆಗೌಡ ಕೈಕೊಟ್ಟನಂತೆ. ಮರ ಹತ್ತುವವರು ಊರಲ್ಲಿ ಬೆರಳೆಣಿಕೆಯಷ್ಟು ಜನ, ಎಲ್ಲರ ತೋಟಕ್ಕೂ ಅವರೇ. ರಾತ್ರಿ ಹನ್ನೊಂದರ ವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತು ಮಾತಾಡಿದ. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅತ್ತೆಯ ಬೆರಳೆಲ್ಲ ಚೊಗರಿಗೆ ಕಪ್ಪಾಗಿತ್ತು.

ಮಲೆನಾಡಿನಲ್ಲಿ ತೋಟ ನೋಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂಬುದು ಹಳೆಯ ಗೋಳು. ಇವನಿಗೆ ಹೆಣ್ಣು ಸಿಕ್ಕಿತು ಎಂದು ಊರೆಲ್ಲ ಖುಷಿಪಟ್ಟಿತ್ತು. ಅದೇ ಊರು ಈಗ 'ಹೆಣ್ಣು ಹುಡುಗನನ್ನೇ ಎತ್ತಿಕೊಂಡು ಹೋಯ್ತು' ಅನ್ನುತ್ತಿದೆ. 5532ರಲ್ಲಿ ನನ್ನನ್ನೂ ಅವನನ್ನೂ ಕಟ್ಟಿಹಾಕಿದ್ದು ಏನೇನು ಎಂದು ಪುಟಗಟ್ಟಲೆ ಕೇಳಿದರು. ಅವನನ್ನು ಬೇರೆ ಯಾವುದು ಕಟ್ಟಿಹಾಕಿದೆ ಎಂದು ಒಂದು ಸಾಲೂ ಕೇಳಲಿಲ್ಲ. ಮದುವೆಯಾಗುವ ಮುಂಚೆ ನಾನಂತೂ ಕೇಳಿದ್ದೆ. "ಬರ್ತೀನಿ" ಅಂದಿದ್ದ. 'ಇದ್ದುಬಿಡ್ತೀನಿ' ಅಂದಿರಲಿಲ್ಲ.

2024 ಏಪ್ರಿಲ್ 21, ಭಾನುವಾರ

ಪಾಸ್‌ಪೋರ್ಟ್ ಕಳಿಸಿ ಎಂದು ಬಂದಿದೆ! ಇಂಟರ್‌ವ್ಯೂ ಇಲ್ಲ, ಮರುಪ್ರಶ್ನೆ ಇಲ್ಲ. 'ಊಟ ಆಯ್ತಾ' ಕೆಲಸ ಮಾಡಿತು.

ಆದರೆ ಮೆಡಿಕಲ್‌ಗೆ ಒಂದು ವರ್ಷದ ಆಯಸ್ಸು. ಅದು ಮುಗಿಯುವ ಮೊದಲೇ, ಅಂದರೆ ಜೂನ್ ಮೊದಲ ವಾರದೊಳಗೆ, ಅವನು ಇಲ್ಲಿ ಇಳಿಯಬೇಕು. ಅಲ್ಲಿ ಸರಿಯಾಗಿ ಅದೇ ಹೊತ್ತಿಗೆ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಹೊಡೆಸಬೇಕು. ತಪ್ಪಿದರೆ ಕೊಳೆ ಬಂದು ಫಸಲು ನೆಲಕ್ಕೆ.

ಏಪ್ರಿಲ್ 28, ಭಾನುವಾರ

ಮೂವರೂ ಫೋನಿನಲ್ಲಿ ಕೂತು ಲೆಕ್ಕ ಹಾಕಿದೆವು. ಇಲ್ಲಿನ ರೆಸಿಡೆನ್ಸಿ ಉಳಿಯಲು ಐದು ವರ್ಷದಲ್ಲಿ 730 ದಿನ ಇದ್ದರೆ ಸಾಕು. ಅತ್ತೆಗೆ ಆ ಅಂಕಿ ಬಲು ಇಷ್ಟವಾಯಿತು. "ಹಂಗಾದ್ರೆ ಮೂರು ವರ್ಷ ನಮ್ಮದು ಆಯ್ತಲ್ಲ" ಅಂದರು. ನಾನು ನಕ್ಕೆ, ಅವರು ನಗಲಿಲ್ಲ. ಕಡೆಗೆ ಅವರದೇ ತೀರ್ಮಾನ: ಮೊದಲ ಸಲದ ಔಷಧಿ ಮೇ ಕೊನೆಗೇ ಹೊಡೆಸಿ ಮಗ ಹೊರಡಲಿ, ಎರಡನೆಯದಕ್ಕೆ ತಾವೇ ಜನ ಹಿಡಿಯುತ್ತಾರೆ, ಕೊನೆ ಕೊಯ್ಲಿಗೆ ಅವನು ವಾಪಸ್.

ಅವರು ಎದ್ದು ಹೋದ ಮೇಲೆ ಟಿಕೆಟ್ ನೋಡಿದೆ. ಒಂದು ಕಡೆಯದ್ದೋ, ಹೋಗಿ ಬರುವುದೋ?

"ರಿಟರ್ನೇ ತೆಗಿ, ಅಗ್ಗ ಬೀಳತ್ತೆ" ಅಂದ.

ಅಗ್ಗ ಬೀಳುತ್ತದೆ, ನಿಜ. ಆದರೂ ಸಿಟ್ಟು ಬಂತು. ಲ್ಯಾಪ್‌ಟಾಪ್ ಮುಚ್ಚಿ, ನಾಳೆ ತೆಗೀತೀನಿ ಅಂದೆ.